ಹಿಂದಿನ ಸೀನಲ್ಲಿ ಇವಳಿಗೆ ಏನಾಗಿತ್ತು?

ಅಮೆರಿಕದ ಒಂದು ಅನಿಮೇಷನ್ ಸರಣಿಯಲ್ಲಿ ರೂಬಿ ರೋಸ್ ಎಂಬ ಕಥಾನಾಯಕಿಯನ್ನು ಬರೆದ ರೀತಿ ಬಗ್ಗೆ ನನಗೆ ವರ್ಷಗಟ್ಟಲೆ ಸಿಟ್ಟಿತ್ತು. ಅದೇ ತಪ್ಪನ್ನು ಹೋದ ವರ್ಷ ನನ್ನ ಬೋರ್ಡಿನಲ್ಲಿ ನಾನೇ ಮಾಡಿದೆ. ಎರಡನ್ನೂ ಸೇರಿಸಿ ಹೇಳುತ್ತೇನೆ, ಒಂದನ್ನು ಬಿಟ್ಟು ಇನ್ನೊಂದು ಹೇಳಲು ಬರುವುದಿಲ್ಲ.

ನಾನು ಬೆಂಗಳೂರಿನ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಸ್ಟೋರಿಬೋರ್ಡ್ ಆರ್ಟಿಸ್ಟ್. ಸ್ಕ್ರಿಪ್ಟ್ ಬಂದ ಮೇಲೆ ಅದನ್ನು ಮೊದಲು ಚಿತ್ರ ಮಾಡುವವರು ನಾವು. ಕ್ಯಾಮೆರಾ ಎಲ್ಲಿರಬೇಕು, ಯಾರು ಯಾರ ಕಡೆ ನೋಡಬೇಕು, ಏಟು ಯಾವಾಗ ಬೀಳಬೇಕು ಅಂತ ಒಂದೊಂದೇ ಪ್ಯಾನೆಲ್ ಬರೆಯುತ್ತೇವೆ. ಆಮೇಲೆ ಎಡಿಟರ್ ಆ ಪ್ಯಾನೆಲ್‌ಗಳಿಗೆ ಧ್ವನಿ ಸೇರಿಸಿ ಅನಿಮ್ಯಾಟಿಕ್ ಮಾಡುತ್ತಾರೆ, ಅಂದರೆ ಇಡೀ ಎಪಿಸೋಡಿನ ಕಚ್ಚಾ ರೂಪ. ಅದು ದಾಟಿದ ಮೇಲೆ ಏನೇ ಬದಲಾಯಿಸಿದರೂ ದುಡ್ಡು, ಸಮಯ ಎರಡೂ ಹೋಗುತ್ತದೆ.

ಈ ಕೆಲಸಕ್ಕೆ ನಾನು ಬಂದಿದ್ದೇ ಆ ಸರಣಿಯ ಹೊಡೆದಾಟ ನೋಡಿ. ಅದರ ಹೆಸರನ್ನು ಆರ್, ಡಬ್ಲ್ಯೂ, ಬಿ, ವೈ ಅಂತ ನಾಲ್ಕು ಅಕ್ಷರ ಬರೆದು ರೂಬಿ ಅಂತ ಓದುತ್ತಾರೆ. ರೂಬಿ, ವೈಸ್, ಬ್ಲೇಕ್, ಯಾಂಗ್ ಎಂಬ ನಾಲ್ಕು ಹುಡುಗಿಯರ ಮೊದಲ ಅಕ್ಷರ ಅವು. ಅಮೆರಿಕದ ಟೆಕ್ಸಸ್‌ನಲ್ಲಿದ್ದ ರೂಸ್ಟರ್ ಟೀತ್ ಕಂಪನಿ 2013ರ ಜುಲೈನಲ್ಲಿ ಶುರು ಮಾಡಿತು. ಹುಟ್ಟುಹಾಕಿದವರು ಮಾಂಟಿ ಓಮ್. ರೂಬಿಯ ಕೈಯಲ್ಲಿ ಅವಳಿಗಿಂತ ದೊಡ್ಡ ಕುಡುಗೋಲು, ಅದೇ ಬಂದೂಕು ಕೂಡ, ಗುಂಡು ಹಾರಿಸಿದಾಗ ಹಿಂದಕ್ಕೆ ತಳ್ಳುವ ಬಲವನ್ನೇ ಬಳಸಿಕೊಂಡು ಅವಳು ಗಾಳಿಯಲ್ಲಿ ತಿರುಗಿ ಇನ್ನೊಬ್ಬನನ್ನು ಕತ್ತರಿಸುತ್ತಾಳೆ. ಅದನ್ನು ನಾನು ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಮೊದಲ ಮೂರು ಸೀಸನ್ ಮಾಡಿದ್ದು ಪೋಸರ್ ಎಂಬ ಸಾಫ್ಟ್‌ವೇರಿನಲ್ಲಿ. ನಾಲ್ಕನೆಯದಕ್ಕೆ ಮಾಯಾಗೆ ಬಂದರು. ಮಾಂಟಿ ಓಮ್ 2015ರ ಫೆಬ್ರವರಿಯಲ್ಲಿ ತೀರಿಕೊಂಡರು. ಆಗ ಅವರಿಗೆ 33 ವರ್ಷ. ಅಷ್ಟು ದೊಡ್ಡ ಪೆಟ್ಟು ತಿಂದು ಆ ತಂಡ ಕೆಲಸ ಮುಂದುವರಿಸಿತು ಅನ್ನುವುದನ್ನು ಮರೆತು ನಾನು ಇದನ್ನು ಬರೆಯುತ್ತಿಲ್ಲ.

ಆದರೆ ಸಿಟ್ಟು ಸಿಟ್ಟೇ.

ಮೂರನೇ ಸೀಸನ್ ಮುಗಿದಿದ್ದು 2016ರ ಫೆಬ್ರವರಿಯಲ್ಲಿ. ಆ ಕೊನೆಯ ಎಪಿಸೋಡುಗಳಲ್ಲಿ ರೂಬಿಯ ಬದುಕು ಪೂರ್ತಿ ನೆಲಕ್ಕೆ ಬೀಳುತ್ತದೆ. ಅವಳ ರೋಬೋಟ್ ಗೆಳತಿ ಪೆನ್ನಿ ಅಖಾಡದಲ್ಲಿ ಎಲ್ಲರ ಎದುರೇ ತುಂಡಾಗುತ್ತಾಳೆ. ಜೊತೆಗೆ ಓದುತ್ತಿದ್ದ ಪಿರ್ರಾ ರೂಬಿಯ ಕಣ್ಣೆದುರೇ ಸಾಯುತ್ತಾಳೆ. ಅಕ್ಕ ಯಾಂಗ್ ಕೈ ಕಳೆದುಕೊಳ್ಳುತ್ತಾಳೆ. ಕಲಿಯುತ್ತಿದ್ದ ಶಾಲೆಯೇ ಇಲ್ಲವಾಗುತ್ತದೆ. ಇಷ್ಟೂ ಆದದ್ದು ಹದಿನೈದು ವರ್ಷದ ಹುಡುಗಿಗೆ.

ನಾಲ್ಕನೇ ಸೀಸನ್ ಶುರುವಾದಾಗ ಕಥೆಯಲ್ಲಿ ಕೆಲವು ತಿಂಗಳು ಕಳೆದಿರುತ್ತವೆ. ರೂಬಿ ತನ್ನ ಶಾಲೆಯ ಗೆಳೆಯ ಜಾನ್ ಮತ್ತು ಇನ್ನಿಬ್ಬರ ಜೊತೆ ಊರೂರು ನಡೆಯುತ್ತಿದ್ದಾಳೆ. ಒಂದು ರಾತ್ರಿ ಕೆಟ್ಟ ಕನಸು ಬಿದ್ದು ಅವಳಿಗೆ ಎಚ್ಚರವಾಗುತ್ತದೆ. ಎದ್ದು ನೋಡಿದರೆ ಜಾನ್ ಒಬ್ಬನೇ ಕತ್ತಿ ಅಭ್ಯಾಸ ಮಾಡುತ್ತಿದ್ದಾನೆ, ಪಿರ್ರಾ ಬದುಕಿದ್ದಾಗ ಅವನಿಗೆ ಪಾಠ ಹೇಳಿ ರೆಕಾರ್ಡ್ ಮಾಡಿಟ್ಟ ವಿಡಿಯೋ ಹಾಕಿಕೊಂಡು. ಬಹಳ ಒಳ್ಳೆಯ ಸೀನ್. ನಾನು ಅತ್ತಿದ್ದೇನೆ. ಆದರೆ ಆ ಸೀನಿನಲ್ಲಿ ಕಥಾನಾಯಕಿ ಏನು ಮಾಡುತ್ತಿದ್ದಾಳೆ? ದೂರದಿಂದ ನೋಡುತ್ತಿದ್ದಾಳೆ, ಅಷ್ಟೇ. ದುಃಖ ಪಡುವ ಹಕ್ಕು ಅವನಿಗೆ ಕೊಟ್ಟು, ನೋಡುವ ಕೆಲಸ ಅವಳಿಗೆ ಕೊಟ್ಟರು. ಅಲ್ಲಿಂದ ಮುಂದೆ ಎಷ್ಟೋ ಸೀಸನ್ ಹಾಗೇ ನಡೆಯಿತು. ಎಲ್ಲರಿಗೂ ಧೈರ್ಯ ಹೇಳುವುದು ರೂಬಿ, ಭಾಷಣ ಮಾಡುವುದು ರೂಬಿ, ಅವಳ ಒಳಗೆ ಏನಿದೆ ಅಂತ ಕೇಳುವವರು ಯಾರೂ ಇಲ್ಲ. ಮತ್ತೆ ಜೋಡಿಸಿ ಎಬ್ಬಿಸಿದ್ದ ಪೆನ್ನಿ ಎಂಟನೇ ಸೀಸನ್ನಿನಲ್ಲಿ ಎರಡನೇ ಸಲ ಸಾಯುತ್ತಾಳೆ, ಆಗಲೂ ಆ ಭಾರ ಬೀಳುವುದು ಜಾನ್ ಕೈ ಮೇಲೆ. ರೂಬಿ ಕೊನೆಗೂ ಒಡೆದುಹೋಗುವುದು ಒಂಬತ್ತನೇ ಸೀಸನ್ನಿನಲ್ಲಿ, 2023ರಲ್ಲಿ. ನೋಡುವವರು ಏಳು ವರ್ಷ ಕಾದರು! ಆ ಎಪಿಸೋಡುಗಳು ನಿಜಕ್ಕೂ ಚೆನ್ನಾಗಿವೆ, ಅದಕ್ಕೇ ನನಗೆ ಇನ್ನೂ ಜಾಸ್ತಿ ಸಂಕಟ. ಬರೆಯಲು ಗೊತ್ತಿತ್ತು ಅಲ್ವಾ, ಮತ್ತೆ ಇಷ್ಟು ದಿನ ಯಾಕೆ ಬರೆಯಲಿಲ್ಲ?

ಇದೇ ಸರಣಿಯಲ್ಲಿ ಯಾಂಗ್‌ಳನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾರೆ ಅಂದರೆ, ಕೃತಕ ಕೈ ಹಾಕಿಕೊಂಡು ಮತ್ತೆ ಹೊಡೆದಾಟಕ್ಕೆ ಇಳಿದ ಮೇಲೂ ಅವಳ ಕೈ ಒಮ್ಮೊಮ್ಮೆ ನಡುಗುತ್ತದೆ. ಅದಕ್ಕೆ ಮಾತಿಲ್ಲ, ವಿವರಣೆ ಇಲ್ಲ. ನಡುಗುವ ಕೈ ಒಂದು ಶಾಟ್. ಅಷ್ಟು ನೋಡಿದರೆ ಸಾಕು, ಇವಳು ಯಾವುದನ್ನೂ ಮರೆತಿಲ್ಲ ಅಂತ ನಮಗೆ ಗೊತ್ತಾಗುತ್ತದೆ.

ಈಗ ನನ್ನ ಕಥೆ.

ನಮಗೆ ಬಂದಿದ್ದು 11 ನಿಮಿಷದ ಎಪಿಸೋಡುಗಳ ಒಂದು ಸರಣಿ. ಹೆಸರು ಬೇಡ. ಬಿಲ್ಲು ಹಿಡಿದ ಹುಡುಗಿ, ಅವಳ ಜೊತೆ ಒಬ್ಬ ಹುಡುಗ, ರಾಕ್ಷಸರು, ಕೋಟೆಗಳು. 6ನೇ ಎಪಿಸೋಡಿನಲ್ಲಿ ಅವಳ ಊರು ಸುಟ್ಟುಹೋದ ವಿಷಯ ಈ ಹುಡುಗನಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಮುಚ್ಚಿಟ್ಟಿದ್ದ ಅಂತ ಅವಳಿಗೆ ತಿಳಿಯುತ್ತದೆ. ಅದನ್ನು ಬೋರ್ಡ್ ಮಾಡಿದ್ದು ಬೇರೆಯವರು. 7ನೇದು ನನಗೆ ಬಂತು. ಹಗ್ಗದ ಸೇತುವೆ ಮೇಲೆ ಹೊಡೆದಾಟ. 6ನೇ ಎಪಿಸೋಡಿನ ಬೋರ್ಡ್ ನಾನು ನೋಡಿರಲಿಲ್ಲ, ಎರಡು ಸಾಲಿನ ಸಾರಾಂಶ ಓದಿದ್ದೆ. ಎಲ್ಲ ಎಪಿಸೋಡೂ ಒಟ್ಟಿಗೇ ಓಡುತ್ತಿರುತ್ತವೆ, ಯಾರದ್ದು ಯಾರಿಗೂ ನೋಡಲು ಪುರುಸೊತ್ತಿರುವುದಿಲ್ಲ. ನಮ್ಮಲ್ಲಿ ಇದು ಮಾಮೂಲು.

ಮೂರು ವಾರ ಕೂತು ಮಾಡಿದೆ. ಸೇತುವೆ ತೂಗುವುದು, ಹಲಗೆ ಕಳಚುವುದು, ಅವಳು ಬೀಳುತ್ತಾ ಬೀಳುತ್ತಾ ಬಾಣ ಬಿಡುವುದು. ಹುಡುಗ ಕೈ ಚಾಚುತ್ತಾನೆ, ಅವಳು ಹಿಡಿದು ಎದ್ದು ನಗುತ್ತಾಳೆ, ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಡೈರೆಕ್ಟರ್‌ಗೆ ತುಂಬಾ ಹಿಡಿಸಿತು.

ಎಡಿಟರ್ ಹಾಸನದ ಕಡೆಯವರು. ಹೆಚ್ಚು ಮಾತಾಡುವುದಿಲ್ಲ. ಅನಿಮ್ಯಾಟಿಕ್ ತೋರಿಸುವಾಗ ಕೈ ಹಿಡಿಯುವ ಜಾಗಕ್ಕೆ ಬಂದು ನಿಲ್ಲಿಸಿದರು. "ಅಲ್ಲ ಮೇಡಂ, ಈ ಹುಡುಗಿ ನಿನ್ನೆ ತಾನೇ ಅವನ ಮುಖ ನೋಡಲ್ಲ ಅಂತ ಅತ್ಕೊಂಡು ಹೋದ್ಲು. ಇವತ್ತು ನಗ್ತಾ ಕೈ ಹಿಡೀತಾಳಲ್ಲ?" ಅಂದರು.

ಸ್ಕ್ರಿಪ್ಟಿನಲ್ಲೇ ಹಾಗಿದೆ ಅಂತ ನಾನು ತಕ್ಷಣ ಹೇಳಿದೆ. ಹೌದು, ಇತ್ತು. ಆದರೆ ಅವರು 6ನೇದನ್ನು ಹಾಕಿ ತೋರಿಸಿದರು, ಅದು ಮುಗಿದ ಕೂಡಲೇ ನನ್ನದು ಹಾಕಿದರು. ನನಗೆ ನೋಡಲು ಆಗಲಿಲ್ಲ. ಅವಳು ಬೇರೆ ಯಾರೋ ಹುಡುಗಿ. ಬಟ್ಟೆ ಅದೇ, ಜಡೆ ಅದೇ, ಬಿಲ್ಲು ಅದೇ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಪೂರ್ತಿ ರೂಬಿಯೇ ತಲೆಯಲ್ಲಿ. ಇಷ್ಟು ವರ್ಷ ಯಾವ ವಿಷಯಕ್ಕೆ ಬೇರೆಯವರನ್ನು ಬೈಯುತ್ತಿದ್ದೆನೋ ಅದನ್ನೇ ನಾನು ಮೂರು ವಾರ ಪ್ರೀತಿಯಿಂದ ಬರೆದಿದ್ದೆ.

ನಾನು ಉತ್ತರ ಕನ್ನಡದವಳು, ಚಿಕ್ಕವಳಿದ್ದಾಗ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳೆದವಳು. ಅಭಿಮನ್ಯು ಸತ್ತ ಮೇಲೆ ಅರ್ಜುನ ರಂಗಕ್ಕೆ ಬರುವಾಗ ವೇಷ ಮೊದಲಿನದ್ದೇ ಇರುತ್ತದೆ. ಒಳ್ಳೆಯ ಕಲಾವಿದರು ಕಾಲಿಡುವ ರೀತಿಯಲ್ಲೇ ಮಗ ಹೋದದ್ದು ಕಾಣಿಸುತ್ತಾರೆ, ಮಾತು ಶುರುವಾಗುವ ಮೊದಲೇ. ಅದನ್ನು ನೋಡಿ ಬೆಳೆದೂ ನನಗೆ ಇದು ಹೊಳೆಯಲಿಲ್ಲವಲ್ಲ ಅಂತ ಬಹಳ ಬೇಜಾರಾಯಿತು.

ಬದಲಾಯಿಸಲು ಎರಡು ದಿನ ಕೊಟ್ಟರು. ಸ್ಕ್ರಿಪ್ಟ್ ಲಾಕ್ ಆಗಿತ್ತು, ಧ್ವನಿ ರೆಕಾರ್ಡ್ ಆಗಿತ್ತು. ಮಾತು ಮುಟ್ಟುವಂತಿಲ್ಲ. ಆದರೆ ಕಣ್ಣು, ಕೈ, ಇಬ್ಬರ ನಡುವಿನ ಅಂತರ, ಇವು ಬೋರ್ಡಿನವರ ಕೈಯಲ್ಲೇ ಇರುತ್ತವೆ. ಒಟ್ಟು 14 ಪ್ಯಾನೆಲ್ ಬದಲಾಯಿಸಿದೆ. ಅವನು ಕೈ ಚಾಚುತ್ತಾನೆ, ಅವಳು ಆ ಕೈ ನೋಡುತ್ತಾಳೆ, ಪಕ್ಕದ ಹಗ್ಗ ಹಿಡಿದು ತಾನೇ ಏಳುತ್ತಾಳೆ. ಅವನ ಕೈ ಒಂದು ಕ್ಷಣ ಹಾಗೇ ಗಾಳಿಯಲ್ಲಿ ಉಳಿಯುತ್ತದೆ. "ಹೋಗೋಣ್ವಾ?" ಅಂತ ಅವನು ಕೇಳಿದಾಗ "ಹೂಂ, ನಡಿ" ಅನ್ನುವ ಮಾತು ಮೊದಲು ಖುಷಿಯಲ್ಲಿತ್ತು. ಎಡಿಟರ್ ಹಳೆಯ ರೆಕಾರ್ಡಿಂಗ್ ಎಲ್ಲ ಹುಡುಕಿ, ಕಲಾವಿದೆ ಸುಮ್ನೆ ದನಿ ಪರೀಕ್ಷೆಗೆ ಹೇಳಿದ್ದ ಸಪ್ಪೆ ಟೇಕ್ ಒಂದನ್ನು ತಂದು ಕೂರಿಸಿದರು. ಅವಳು ಅದನ್ನು ಅವನ ಕಡೆ ತಿರುಗದೆ ಹೇಳುವ ಹಾಗೆ ನಾನು ಬರೆದೆ. ಕೊನೆಯಲ್ಲಿ ಅವನ ಮೇಲೆ ಬರುತ್ತಿದ್ದ ಈಟಿಯನ್ನು ಅವಳ ಬಾಣ ತಡೆಯುತ್ತದೆ, ಆಗಲೂ ಅವಳು ಅವನನ್ನು ನೋಡುವುದಿಲ್ಲ. ಹೊಡೆದಾಟದ ಒಂದು ಏಟೂ ಬದಲಾಗಲಿಲ್ಲ. ಎಪಿಸೋಡು ಒಂದು ಸೆಕೆಂಡೂ ಉದ್ದವಾಗಲಿಲ್ಲ.

ನೋವು ತೋರಿಸಲು ಸಮಯ ಇರಲಿಲ್ಲ ಅಂತ ಯಾರಾದರೂ ಹೇಳಿದರೆ ಈಗ ನಾನು ಒಪ್ಪುವುದಿಲ್ಲ. ಪಾತ್ರ ಜಾಸ್ತಿ, ನಿಮಿಷ ಕಡಿಮೆ, ಎಲ್ಲ ನಿಜ. ರೂಬಿಗೂ ಪ್ರತಿ ಸೀಸನ್ನಿನಲ್ಲಿ ಒಂದು ಇಡೀ ಎಪಿಸೋಡು ಬೇಕಿರಲಿಲ್ಲ. ಅಕ್ಕನಿಗೆ ಕೊಟ್ಟ ಹಾಗೆ ಒಂದು ನಡುಗುವ ಕೈ ಸಾಕಿತ್ತು.

ನಮ್ಮ ಕ್ಲೈಂಟ್ ಎಲ್ಲವನ್ನೂ ಒಪ್ಪಲಿಲ್ಲ ಅನ್ನುವುದನ್ನೂ ಹೇಳಬೇಕು. ಇಬ್ಬರೂ ಗೆಳೆಯರು, ಮಕ್ಕಳು ನೋಡುತ್ತಾರೆ, ಕೊನೆಯ ಶಾಟಿನಲ್ಲಿ ಅವಳು ನಗಲಿ ಅಂದರು. ಡೈರೆಕ್ಟರ್ ಅರ್ಧ ಗಂಟೆ ವಾದ ಮಾಡಿದರು. ಆ ನಗು ಉಳಿಯಿತು. ನೋಡಿದಾಗಲೆಲ್ಲ ನನಗೆ ಚುಚ್ಚುತ್ತದೆ.

ಈಗ ಹಿಂದಿನ ಎಪಿಸೋಡಿನ ಅನಿಮ್ಯಾಟಿಕ್ ನೋಡದೆ ನಾನು ಮೊದಲ ಪ್ಯಾನೆಲ್ ಬರೆಯುವುದಿಲ್ಲ. ಇದಕ್ಕೆ ಕೋಆರ್ಡಿನೇಟರ್ ಜೊತೆ ಎರಡು ಸಲ ಜಗಳವಾಗಿದೆ, ಯಾಕೆಂದರೆ ಕಾದಷ್ಟು ದಿನ ನನ್ನ ಶೆಡ್ಯೂಲ್ ಹಿಂದೆ ಬೀಳುತ್ತದೆ. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೂ ಫೈಲಿನ ತಲೆಯ ಮೇಲೆ ಒಂದು ಸಾಲು ಬರೆಯಿರಿ ಅನ್ನುತ್ತೇನೆ: ಹಿಂದಿನ ಸೀನಲ್ಲಿ ಇವಳಿಗೆ ಏನಾಗಿತ್ತು, ಅದು ಈಗ ಮೈಯಲ್ಲಿ ಎಲ್ಲಿ ಕಾಣುತ್ತದೆ. ಕೆಲವರು ಬರೆಯುತ್ತಾರೆ.

ಈ ವಾರ 12ನೇ ಎಪಿಸೋಡು ನನ್ನ ಕೈಗೆ ಬಂದಿದೆ. ಹುಡುಗ ಅವಳ ಹತ್ತಿರ ಕ್ಷಮೆ ಕೇಳುತ್ತಾನೆ, ಮತ್ತೆ ಕೈ ಚಾಚುತ್ತಾನೆ. ಅವಳು ಹಿಡಿಯುತ್ತಾಳೆ ಅಂತ ಸ್ಕ್ರಿಪ್ಟಿನಲ್ಲಿದೆ. ಎಷ್ಟು ಹೊತ್ತು ತಡೆದು ಹಿಡಿಯುತ್ತಾಳೆ ಅಂತ ಇಲ್ಲ. 8ರಿಂದ 11ರವರೆಗಿನ ಅನಿಮ್ಯಾಟಿಕ್ ನಾಳೆ ಕೊಡುತ್ತೇನೆ ಅಂದಿದ್ದಾರೆ ಎಡಿಟರ್. ಅಲ್ಲಿಯವರೆಗೆ ಆ ಪ್ಯಾನೆಲ್ ಖಾಲಿ ಬಿಟ್ಟಿದ್ದೇನೆ.