ಮುಂಚೆ ಏನಿತ್ತು?

ಕಳೆದ ಭಾನುವಾರ ಅತ್ತೆ ನಮ್ಮ ಮನೆಗೆ ಬಂದಾಗ ಊಟದ ಮೇಜಿನ ಮೇಲೆ ನನ್ನ ಪಾಸ್‌ಪೋರ್ಟ್ ಇತ್ತು. ಪಕ್ಕದಲ್ಲಿ ಒಂದು ಹಾಳೆ. ಪಾಸ್‌ಪೋರ್ಟ್ ಹೊಸದು ಮಾಡಿಸಬೇಕಿತ್ತು. ಆನ್‌ಲೈನ್ ಅರ್ಜಿ ತುಂಬುವ ಮುಂಚೆ ಎಲ್ಲವನ್ನೂ ಕೈಯಲ್ಲಿ ಬರೆದಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಹುಟ್ಟಿದ ದಿನ, ವಿಳಾಸ, ಗಂಡನ ಹೆಸರು ಎಲ್ಲಾ ಬರೆದಾಗಿತ್ತು. ಸರ್‌ನೇಮ್ ಅನ್ನುವ ಕಡೆ ಮಾತ್ರ ಖಾಲಿ. ಗುರುವಾರ ಅಪಾಯಿಂಟ್‌ಮೆಂಟ್. ಹಳೆಯದನ್ನೇ ಬರೆಯುವುದಾ, ಗಂಡನದ್ದು ಹಾಕಿಕೊಳ್ಳುವುದಾ ಅಂತ ಹದಿನೈದು ದಿನದಿಂದ ಹೊಯ್ದಾಡುತ್ತಿದ್ದೆ.

ಅತ್ತೆ ಪಾಸ್‌ಪೋರ್ಟ್ ಕೈಗೆ ತಗೊಂಡು ಸುಮ್ನೆ ತಿರುಗಿಸಿದರು. ಕೊನೆಯ ಪುಟದಲ್ಲಿ ಅವರ ಬೆರಳು ನಿಂತಿತು.

"ಇದು ಯಾರು? ನಿನ್ನ ಅಕ್ಕನಾ?"

"ಅಲ್ಲ, ನನ್ನ ಅಮ್ಮ."

ಕನ್ನಡಕ ಸರಿ ಮಾಡಿಕೊಂಡು ಇನ್ನೊಂದು ಸಲ ನೋಡಿದರು. "ಮತ್ತೆ ಇಬ್ಬರದ್ದೂ ಒಂದೇ ಸರ್‌ನೇಮ್ ಇದೆಯಲ್ಲ?"

"ಅದು ಅಪ್ಪನ ಹೆಸರು. ನನಗೆ ಹುಟ್ಟಿನಿಂದ ಬಂತು. ಅಮ್ಮನಿಗೆ ಮದುವೆ ಆದಮೇಲೆ ಬಂತು."

"ಹೌದಾ. ಮುಂಚೆ ಏನಿತ್ತು?"

ನನಗೆ ಗೊತ್ತಿರಲಿಲ್ಲ. ನನಗೆ 36 ವರ್ಷ ಆಯ್ತು, ಅಮ್ಮನ ಹೆಸರಿನ ಜೊತೆ ಅಪ್ಪನ ಹೆಸರು ಬರುವ ಮುಂಚೆ ಅಲ್ಲಿ ಏನಿತ್ತು ಅಂತ ನಾನು ಒಂದು ಸಲವೂ ಕೇಳಿರಲಿಲ್ಲ. ಅತ್ತೆ ಚುಚ್ಚಬೇಕು ಅಂತ ಕೇಳಿದ್ದಲ್ಲ. ಅವರ ಲೆಕ್ಕದಲ್ಲಿ ಅದು ಹುಟ್ಟಿದ ಊರು ಯಾವುದು ಅಂತ ಕೇಳಿದ ಹಾಗೆ. ಉತ್ತರ ಇಲ್ಲದೆ ಇರುವುದೇ ಅವರಿಗೆ ವಿಚಿತ್ರ.

ನನ್ನ ಗಂಡ ಸ್ಪೇನಿನವನು. ನಾವಿರುವುದು ವಲೆನ್ಸಿಯಾದಲ್ಲಿ. ಇಲ್ಲಿ ಪ್ರತಿಯೊಬ್ಬರಿಗೂ ಎರಡು ಸರ್‌ನೇಮ್. ಸಾಮಾನ್ಯವಾಗಿ ಮೊದಲನೆಯದು ಅಪ್ಪನ ಕಡೆಯಿಂದ, ಎರಡನೆಯದು ಅಮ್ಮನ ಕಡೆಯಿಂದ. ಮದುವೆ ಆದರೂ ಯಾರ ಹೆಸರೂ ಬದಲಾಗುವುದಿಲ್ಲ. ಚಿತ್ರಕಾರ ಪಿಕಾಸೋನ ಹೆಸರು ಎರಡೂ ಸರ್‌ನೇಮ್ ಸೇರಿಸಿ ಹೇಳಿದರೆ ಪಾಬ್ಲೋ ರುಯಿಸ್ ಪಿಕಾಸೋ. ರುಯಿಸ್ ಅಪ್ಪನದು, ಪಿಕಾಸೋ ಅಮ್ಮನದು. ಕವಿ ಫೆದೆರಿಕೋ ಗಾರ್ಸಿಯಾ ಲೋರ್ಕಾ ಕೂಡ ಹಾಗೇ. ಜಗತ್ತು ಲೋರ್ಕಾ ಅಂತ ಕರೆಯುವುದು ಅವನ ಅಮ್ಮನ ಮನೆತನದ ಹೆಸರನ್ನ. ಇದು ಗೊತ್ತಾದ ದಿನ ನನಗೆ ತುಂಬಾ ಖುಷಿಯಾಗಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನಾನೇಕೆ ಗಂಡನ ಸರ್‌ನೇಮ್ ಹಾಕಿಕೊಳ್ಳಲು ಹೊರಟಿದ್ದೆ? ನಿಜ ಹೇಳುತ್ತೇನೆ. ನಮ್ಮ ಕಟ್ಟಡದ ಕೆಳಗಡೆ ಅಂಚೆ ಡಬ್ಬಿಗಳ ಸಾಲು ಇದೆ. ಒಂದೊಂದರ ಮೇಲೂ ಆ ಮನೆಯವರ ಹೆಸರಿನ ಚಿಕ್ಕ ಪಟ್ಟಿ. ನಮ್ಮದರ ಮೇಲೆ ಅವನ ಹೆಸರು ಲೋಹದಲ್ಲಿ ಕೊರೆದಿದೆ, ಅದರ ಕೆಳಗೆ ನನ್ನದು ಕಾಗದದಲ್ಲಿ ಅಂಟಿಸಿದ್ದು. ಎರಡನೇ ಮಹಡಿಯ ಹೆಂಗಸು ಒಂದು ವರ್ಷ ನನ್ನನ್ನ ಆ ಮನೆಯಲ್ಲಿ ರೂಮು ಬಾಡಿಗೆಗೆ ಹಿಡಿದವಳು ಅಂದುಕೊಂಡಿದ್ದರಂತೆ. ಅದು ಗೊತ್ತಾದ ಸಂಜೆ ಮೆಟ್ಟಿಲು ಹತ್ತುವಾಗ ಅಳು ಬಂದಿತ್ತು. ಒಂದೇ ಹೆಸರು ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ ಅಲ್ವಾ ಅನಿಸಿತ್ತು.

ಊರಿನಿಂದ ಚಿಕ್ಕಮ್ಮನ ಫೋನ್ ಬೇರೆ. "ಇನ್ನೂ ಗಂಡನ ಹೆಸರು ಸೇರಿಸಿಕೊಂಡಿಲ್ವಾ? ಆಮೇಲೆ ವೀಸಾ ಕೊಡಲ್ಲ ನೋಡು." ವೀಸಾಗೂ ಇದಕ್ಕೂ ಸಂಬಂಧ ಇಲ್ಲ. ಹೆಂಡತಿ ಗಂಡನ ಸರ್‌ನೇಮ್ ತಗೊಳ್ಳಲೇಬೇಕು ಅಂತ ಭಾರತದಲ್ಲಿ ಯಾವ ಕಾನೂನೂ ಇಲ್ಲ. ಮದುವೆ ಆದಮೇಲೆ ಹೆಣ್ಣುಮಕ್ಕಳು ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಬೇಕಿಲ್ಲ ಅಂತ 2017ರ ಏಪ್ರಿಲ್‌ನಲ್ಲಿ ಪ್ರಧಾನಿಯೇ ಹೇಳಿದ್ದರು. ಚಿಕ್ಕಮ್ಮನಿಗೆ ಇದನ್ನೆಲ್ಲ ಹೇಳಿ ಪ್ರಯೋಜನ ಇಲ್ಲ. ಒಳ್ಳೆಯವರೇ, ಆದರೆ ಬೇರೆಯವರ ಮನೆಯ ಹೆಣ್ಣುಮಕ್ಕಳ ವಿಷಯದಲ್ಲಿ ಅವರಿಗೆ ಎಲ್ಲಾ ಗೊತ್ತು.

ಗಂಡನನ್ನ ಕೇಳಿದರೆ "ನಿನ್ನಿಷ್ಟ" ಅಂದ. ಅವನು ಪ್ರೀತಿಯಿಂದಲೇ ಹೇಳಿದ್ದು. ಆದರೂ ಆ ಮಾತು ನನಗೆ ಕೋಪ ತರಿಸಿತು. ಅವನ ಹೆಸರಿನ ಬಗ್ಗೆ ಅವನನ್ನ ಯಾರೂ ಏನೂ ಕೇಳಿಲ್ಲ. ಯೋಚನೆ ಮಾಡುವ ಕೆಲಸ ಪೂರ್ತಿ ನನ್ನ ತಲೆಗೇ ಬಂತು.

ಭಾನುವಾರ ಅತ್ತೆಗೆ ಹೇಳಿಯೇಬಿಟ್ಟೆ. ನಿಮ್ಮ ಮಗನ ಸರ್‌ನೇಮ್ ಹಾಕಿಕೊಳ್ಳೋಣ ಅಂದುಕೊಂಡಿದ್ದೀನಿ ಅಂದೆ. ಸಂತೋಷ ಪಡುತ್ತಾರೆ ಅಂತ ನನ್ನ ನಂಬಿಕೆ. ಅವರ ಮುಖದಲ್ಲಿ ನಿಜವಾಗಿಯೂ ಗಾಬರಿ ಕಾಣಿಸಿತು.

"ಎರಡೂನಾ?"

"ಹೂಂ."

"ಆಗ ನೀನು ಅವನ ತಂಗಿ ಆಗ್ತೀಯಲ್ಲ, ಇಹಾ!"

ಇಹಾ ಅಂದರೆ ಮಗಳೇ ಅಂತ. ಅವರು ಹೇಳಿದ್ದು ಸರಿ. ಅವನ ಸರ್‌ನೇಮ್ ಇಲ್ಲಿ ಬರೆಯುವುದಿಲ್ಲ, ಗಾರ್ಸಿಯಾ ಲೋಪೆಸ್ ಅಂತ ಇಟ್ಟುಕೊಳ್ಳಿ. ಸ್ಪೇನಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಜನಕ್ಕಿರುವುದು ಗಾರ್ಸಿಯಾನೇ. ಒಂದು ಹುಡುಗ, ಒಂದು ಹುಡುಗಿ, ಇಬ್ಬರೂ ಗಾರ್ಸಿಯಾ ಲೋಪೆಸ್ ಅಂದರೆ ಇಲ್ಲಿನವರಿಗೆ ತಕ್ಷಣ ಹೊಳೆಯುವುದು ಒಂದೇ: ಒಂದೇ ತಂದೆ, ಒಂದೇ ತಾಯಿ. ಗಂಡ ಹೆಂಡತಿ ಅನ್ನುವುದು ಯಾರಿಗೂ ಹೊಳೆಯುವುದಿಲ್ಲ. ಯಾವ ಹೆಸರು ನನ್ನನ್ನ ಅವನ ಹೆಂಡತಿ ಅಂತ ತೋರಿಸುತ್ತದೆ ಅಂದುಕೊಂಡಿದ್ದೆನೋ, ಅದೇ ಹೆಸರು ಇಲ್ಲಿ ಅದನ್ನ ಅಳಿಸಿಹಾಕುತ್ತದೆ.

ಆಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡು ಹೇಳಿದ್ದನ್ನ ನಾನು ಮರೆಯಲಾರೆ. "ಅದರಲ್ಲಿ ಎರಡನೇದು ನಂದು. ನಾನು ನನ್ನ ಮಗನಿಗೆ ಕೊಟ್ಟಿದ್ದು. ನಿನ್ನ ಮಕ್ಕಳಿಗೆ ನೀನು ನಿಂದು ಕೊಡು."

ಅತ್ತೆಗೆ ಈಗ 76. ಅವರ ಮದುವೆ ಆಗಿದ್ದು 1973ರಲ್ಲಿ, ಸರ್ವಾಧಿಕಾರಿ ಫ್ರಾಂಕೋ ಕಾಲ. ಆಗಲೂ ಹೆಸರು ಅವರದ್ದೇ ಇತ್ತು. ಆದರೆ ಕೆಲಸಕ್ಕೆ ಸೇರಬೇಕು ಅಂದರೆ, ಬ್ಯಾಂಕ್ ಖಾತೆ ತೆರೆಯಬೇಕು ಅಂದರೆ ಗಂಡನ ಒಪ್ಪಿಗೆ ಬೇಕಿತ್ತು. ಆ ಕಾನೂನು ಹೋಗಿದ್ದು 1975ರ ಮೇ ತಿಂಗಳಲ್ಲಿ. ಮದುವೆಯಾದ ಮೊದಲ ವರ್ಷ ಬ್ಯಾಂಕಿನಲ್ಲಿ ಮಾವನ ಸಹಿಗೆ ಕಾದು ಕೂತಿದ್ದನ್ನ ಅವರು ಹೇಳಿದರು. ಕಾಗದದ ಮೇಲೆ ಅವರದ್ದೇ ಎರಡು ಸರ್‌ನೇಮ್, ಪೂರ್ತಿಯಾಗಿ. ಕೆಳಗೆ ಬೇರೆಯವರ ಸಹಿ. ಹಾಗಾಗಿ ಹೆಸರು ಉಳಿಸಿಕೊಂಡ ಹೆಣ್ಣೆಲ್ಲ ಸ್ವತಂತ್ರಳು ಅಂತ ನಾನು ಹೇಳುವುದಿಲ್ಲ.

ಇನ್ನೊಂದು ವಿಷಯವನ್ನೂ ಅವರೇ ಬೆರಳು ಮಡಚಿ ತೋರಿಸಿದರು. ಮಗುವಿಗೆ ಸಾಮಾನ್ಯವಾಗಿ ಹೋಗುವುದು ಅಪ್ಪನ ಮೊದಲನೆಯದು, ಅಮ್ಮನ ಮೊದಲನೆಯದು. ಅಮ್ಮನಿಗೆ ಅವಳ ತಾಯಿಯಿಂದ ಬಂದದ್ದು ಅಲ್ಲಿಗೇ ನಿಂತುಹೋಗುತ್ತದೆ. ಅತ್ತೆಯ ಅಮ್ಮನ ಸರ್‌ನೇಮ್ ನನ್ನ ಗಂಡನ ಹೆಸರಿನಲ್ಲಿ ಇಲ್ಲ. ಅಂದರೆ ಇಲ್ಲೂ ಅಜ್ಜಿಯರು ಕಳೆದುಹೋಗುತ್ತಾರೆ, ಒಂದು ತಲೆಮಾರು ತಡವಾಗಿ. ತಂದೆ ತಾಯಿ ಒಪ್ಪಿದರೆ ಅಮ್ಮನದನ್ನ ಮೊದಲು ಇಡಬಹುದು ಅಂತ 1999ರಲ್ಲಿ ಕಾನೂನು ಬಂತು. 2017ರ ಜೂನ್ 30ರಿಂದ ಅಪ್ಪನದೇ ಮೊದಲು ಅನ್ನುವ ನಿಯಮವೂ ಹೋಯಿತು. ಈಗ ಇಬ್ಬರೂ ಸೇರಿ ಯಾವುದು ಮೊದಲು ಅಂತ ಹೇಳಬೇಕು.

ಅತ್ತೆ ಹೋದ ಮೇಲೂ ಅದೇ ಮಾತು ತಲೆಯಲ್ಲಿ. ಮುಂಚೆ ಏನಿತ್ತು? ಪಾತ್ರೆ ತೊಳೆಯುವಾಗ, ಮಲಗುವಾಗ, ಬೆಳಿಗ್ಗೆ ಬಸ್ಸಿನಲ್ಲಿ. ಕೊನೆಗೆ ಸೋಮವಾರ ಅಮ್ಮನಿಗೆ ಫೋನ್ ಮಾಡಿದೆ.

"ಅಮ್ಮ, ಮದುವೆಗೆ ಮುಂಚೆ ನಿನ್ನ ಹೆಸರಿನ ಜೊತೆ ಏನಿತ್ತು?"

"ಈಗ್ಯಾಕೆ ಅದೆಲ್ಲ? ಯಾವುದಕ್ಕಾದ್ರೂ ಬೇಕಾ? ಆಧಾರ್ ಕಳಿಸ್ಲಾ?"

"ಆಧಾರ್ ಬೇಡ. ಸುಮ್ನೆ ಹೇಳು."

ಸ್ವಲ್ಪ ಹೊತ್ತು ಮಾತಿಲ್ಲ. ಕುಕ್ಕರ್ ಕೂಗಿದ್ದು ಕೇಳಿಸಿತು. ಅಮ್ಮ ಹೋಗಿ ಆರಿಸಿ ಬಂದಳು.

"ಕೆ.ಎಸ್. ಅಂತ ಇತ್ತು ಕಣೇ. ಕೆ ಅಂದ್ರೆ ಊರು. ಎಸ್ ಅಂದ್ರೆ ನಮ್ಮಪ್ಪ." ಆಮೇಲೆ ತಾನಾಗಿಯೇ ಮುಂದುವರಿಸಿದಳು. ಅವಳ ಕ್ಲಾಸಿನಲ್ಲಿ ಅದೇ ಹೆಸರಿನ ಇನ್ನೊಬ್ಬ ಹುಡುಗಿ ಇದ್ದಳಂತೆ. ಹಾಗಾಗಿ ಹಾಜರಿ ಕೂಗುವಾಗ ಮೇಷ್ಟ್ರು ಬರೀ ಇನಿಷಿಯಲ್ ಹೇಳುತ್ತಿದ್ದರು. "ಹೈಸ್ಕೂಲು ಮುಗಿಯೋವರೆಗೂ ಎಲ್ಲರಿಗೂ ನಾನು ಕೆ.ಎಸ್.ಏ. ಹೆಸರು ಹಿಡಿದು ಕರೆದೋರೇ ಇಲ್ಲ. ಖೋ-ಖೋ ಆಡೋವಾಗ 'ಓಡು ಕೆ.ಎಸ್., ಓಡು' ಅಂತ ಕಿರುಚೋರು."

ಅಮ್ಮ ಖೋ-ಖೋ ಆಡುತ್ತಿದ್ದಳು ಅನ್ನುವುದೇ ನನಗೆ ಗೊತ್ತಿರಲಿಲ್ಲ.

"ಮತ್ತೆ ಯಾವಾಗ ಹೋಯ್ತು ಅದು?"

"ರೇಷನ್ ಕಾರ್ಡ್ ಮಾಡಿಸಿದಾಗ ನಿಮ್ಮಪ್ಪ ಅವರ ಹೆಸರು ಸೇರಿಸಿ ಬರೆಸಿದ್ರು. ಆಮೇಲೆ ಎಲ್ಲಾ ಕಡೆ ಅದೇ ಬಂತು."

"ನಿನ್ನ ಕೇಳಲಿಲ್ವಾ?"

"ಏನು ಕೇಳೋದು? ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಜಗಳ ಏನೂ ಆಗ್ಲಿಲ್ಲ."

ಅಪ್ಪ ಕೆಟ್ಟವರಲ್ಲ. ಇವತ್ತು ಕೇಳಿದರೆ ಅವರೂ ನೊಂದುಕೊಂಡಾರು. ಸರ್ಕಾರಿ ಕಚೇರಿಯ ಸಾಲಿನಲ್ಲಿ ನಿಂತು, ಎಲ್ಲರೂ ಬರೆಸುವ ಹಾಗೆ ಬರೆಸಿದ್ದಾರೆ, ಅಷ್ಟೇ. ನನ್ನನ್ನ ಕಾಡುತ್ತಿರುವುದೂ ಅದೇ. ಜೋರು ಮಾಡಿ ಕಿತ್ತುಕೊಂಡಿದ್ದರೆ ಅಮ್ಮನಿಗೆ ನೆನಪಾದರೂ ಇರುತ್ತಿತ್ತು, ನಮಗೂ ಒಂದು ದಿನ ಹೇಳುತ್ತಿದ್ದಳು. ಇದು ಯಾರ ಗಮನಕ್ಕೂ ಬಾರದೆ ಹೋಗಿದೆ. ಆ ಖೋ-ಖೋ ಹುಡುಗಿಯೂ ಅದರ ಜೊತೆಗೇ ಹೋಗಿದ್ದಾಳೆ.

ಮಂಗಳವಾರ ಸ್ಪ್ಯಾನಿಷ್ ಕ್ಲಾಸಿನಲ್ಲಿ ಪಕ್ಕ ಕೂರುವ ಜಪಾನಿನ ಗೆಳತಿಗೆ ಇದನ್ನೆಲ್ಲ ಹೇಳಿದೆ. ಅವಳ ಗಂಡನೂ ಸ್ಪೇನಿನವನೇ. ಜಪಾನಿನಲ್ಲಿ ಅಲ್ಲಿನವರೇ ಇಬ್ಬರು ಮದುವೆಯಾದರೆ ಕಾನೂನಿನ ಪ್ರಕಾರ ಇಬ್ಬರಿಗೂ ಒಂದೇ ಸರ್‌ನೇಮ್ ಇರಬೇಕು. ಯಾರದಾದರೂ ಇರಬಹುದು ಅಂತ ಬರೆದಿದೆ, ಆದರೆ ಹೆಚ್ಚುಕಮ್ಮಿ ಎಲ್ಲಾ ಕಡೆ ಬದಲಿಸುವುದು ಹೆಂಡತಿಯೇ. ಈ ಕಾನೂನು ಸರಿಯಾಗಿದೆ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2015ರಲ್ಲಿ ಒಂದು ಸಲ, 2021ರಲ್ಲಿ ಇನ್ನೊಂದು ಸಲ ಹೇಳಿತು. ಆದರೆ ಹೊರದೇಶದವರನ್ನ ಮದುವೆಯಾದರೆ ಈ ಕಟ್ಟುಪಾಡು ಇಲ್ಲ. ಹೆಸರು ಹಾಗೇ ಉಳಿಯುತ್ತದೆ. ಬೇಕು ಅಂದರೆ ಆರು ತಿಂಗಳೊಳಗೆ ಒಂದು ಅರ್ಜಿ ಕೊಟ್ಟು ಗಂಡನದ್ದು ತಗೊಳ್ಳಬಹುದು, ಕೋರ್ಟಿಗೆ ಹೋಗಬೇಕಿಲ್ಲ.

"ಆರು ತಿಂಗಳೂ ಆ ಅರ್ಜಿ ಫ್ರಿಜ್ ಮೇಲೆ ಅಂಟಿಸಿಟ್ಟಿದ್ದೆ. ಕೊನೇ ದಿನ ರಾತ್ರಿ ಹನ್ನೆರಡು ಹೊಡೆದ ಮೇಲೆ ತೆಗೆದೆ," ಅಂದಳು. ಅವಳ ಇಬ್ಬರು ಅಕ್ಕಂದಿರು ಊರಲ್ಲೇ ಮದುವೆಯಾಗಿ ಹೆಸರು ಬದಲಿಸಿದ್ದಾರೆ. ಅವರ ಮನೆಯ ಸರ್‌ನೇಮ್ ಹೊತ್ತಿರುವ ಮಗಳು ಈಗ ಇವಳೊಬ್ಬಳೇ. ಅದನ್ನ ಹೇಳುವಾಗ ಅವಳ ಗಂಟಲು ಕಟ್ಟಿತು. ನಾನು ಏನೂ ಮಾತಾಡಲಿಲ್ಲ.

ಅವತ್ತು ಮನೆಗೆ ಬಂದು ಹಾಳೆಯಲ್ಲಿ ಖಾಲಿ ಬಿಟ್ಟಿದ್ದ ಕಡೆ ಅಪ್ಪನ ಹೆಸರು ಬರೆದೆ. ಹೊಸದೇನೂ ಅಲ್ಲ, ಇದ್ದದ್ದೇ. ನಾಳೆ ನನಗೆ ಮಗುವಾದರೆ, ಅದನ್ನ ಇಲ್ಲಿ ನೋಂದಾಯಿಸಿದರೆ, ಅಪ್ಪನ ಹೆಸರು ಒಂದು ಸ್ಪೇನ್ ಮನೆತನದ ಸರ್‌ನೇಮ್ ಆಗುತ್ತದೆ. ಅಪ್ಪನಿಗೆ ಹೇಳಿದಾಗ ಬಹಳ ಹೊತ್ತು ನಕ್ಕರು, ಆಮೇಲೆ ಸುಮ್ಮನಾದರು, ಆಮೇಲೆ ಮೂಗು ಒರೆಸಿಕೊಂಡ ಶಬ್ದ ಕೇಳಿಸಿತು. ಹಿಂದಿನಿಂದ ಅಮ್ಮ ಅಂದಳು: "ನಿಮ್ಮ ಹೆಸರು ಉಳೀತು ಬಿಡಿ." ಆ ಮಾತಿನಲ್ಲಿ ಅಸೂಯೆ ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲವೇನೋ.

ಗುರುವಾರದ ಕೆಲಸ ಬೇಗ ಮುಗಿಯಿತು. ಹೆಸರಿನಲ್ಲಿ ಬದಲಾವಣೆ ಇದೆಯಾ ಅಂತ ಕೌಂಟರಿನ ಹುಡುಗ ಕೇಳಿದ. ಇಲ್ಲ ಅಂದೆ. ಅವನು ತಲೆ ಎತ್ತಲೂ ಇಲ್ಲ.

ಹಾಗಂತ ಬದಲಿಸಿಕೊಂಡವರು ತಪ್ಪು ಮಾಡಿದರು ಅಂತ ನನಗೆ ಅನಿಸುವುದಿಲ್ಲ. ಕುಡುಕ ಅಪ್ಪನ ಹೆಸರನ್ನ ಕಳಚಿಡಲು ಮದುವೆಗಾಗಿ ಕಾದಿದ್ದ ಒಬ್ಬಳು ಗೆಳತಿ ನನಗಿದ್ದಾಳೆ. ಗಂಡನ ಸರ್‌ನೇಮ್ ಅವಳಿಗೆ ನಿಜವಾಗಿಯೂ ಒಂದು ಹೊಸ ಮನೆ. ಅವಳು ಯೋಚನೆ ಮಾಡಿ, ಬೇಕು ಅಂತ ಬರೆದಳು. ನನ್ನ ಅಮ್ಮನಿಗೆ ಆ ಒಂದು ದಿನ ಸಿಗಲಿಲ್ಲ. ಪೆನ್ನು ಕೈಯಲ್ಲಿ ಹಿಡಿದು, ಇದಾ ಅದಾ ಅಂತ ಹೊಯ್ದಾಡುವ ದಿನ. ನಾನು ಹದಿನೈದು ದಿನ ಹೊಯ್ದಾಡಿದೆ. ಅದು ತಲೆನೋವು ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ.

ಶನಿವಾರ ಬೆಳಿಗ್ಗೆ ಕೆಳಗಿಳಿದು ಅಂಚೆ ಡಬ್ಬಿಯ ಮೇಲಿನ ಹಳೇ ಕಾಗದ ಕಿತ್ತೆ. ಅಂಟು ಬಲವಾಗಿತ್ತು, ಉಗುರಿನಿಂದ ಕೆರೆದು ಕೆರೆದು ತೆಗೆಯಬೇಕಾಯಿತು. ಹೊಸ ಪಟ್ಟಿ ಕತ್ತರಿಸಿ ಕಪ್ಪು ಶಾಯಿಯಲ್ಲಿ ಬರೆದೆ. ಮೊದಲು ನನ್ನ ಹೆಸರು, ಆಮೇಲೆ ಅಪ್ಪನದು, ಅದಾದ ಮೇಲೆ ಎರಡನೇ ಸರ್‌ನೇಮ್ ಬರುವ ಜಾಗದಲ್ಲಿ ಕೆ.ಎಸ್. ಪಾಸ್‌ಪೋರ್ಟಿನಲ್ಲಿ ಅದು ಇಲ್ಲ, ಇರುವುದೂ ಇಲ್ಲ. ಅಂಚೆ ಡಬ್ಬಿಗೆ ಯಾರೂ ದಾಖಲೆ ಕೇಳುವುದಿಲ್ಲ.

ಸಂಜೆ ಅತ್ತೆ ಬಂದರು. ಡಬ್ಬಿಯ ಮುಂದೆ ನಿಂತು, ಬೆರಳಿಟ್ಟು, ಇಲ್ಲಿನ ಅಕ್ಷರದ ಪ್ರಕಾರ "ಕಾ, ಎಸ್ಸೆ" ಅಂತ ಓದಿದರು. ನನ್ನ ಕಡೆ ತಿರುಗಿ "ನಿನ್ನ ಅಮ್ಮನಾ?" ಅಂತ ಕೇಳಿದರು. ಹೌದು ಅಂದೆ.

ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಎರಡು ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ. ರಾತ್ರಿ ಮಲಗುವ ಹೊತ್ತಿಗೆ ಫೋನ್ ಮಿಣುಕಿತು.

"ಎಸ್ ಆದಮೇಲೆ ಚುಕ್ಕಿ ಹಾಕಿಲ್ಲ ನೀನು. ಬೆಳಿಗ್ಗೆ ಹಾಕು."