ಯಾರ್ಡಿನಲ್ಲಿಲ್ಲದ ಗಾಡಿಗೆ ಚೌಕಾಸಿ

"ಆರ್ಡರ್ ಕೊಟ್ಟು ತರಿಸೋ ಗಾಡಿಗೆ ಯಾರಾದ್ರೂ ಡಿಸ್ಕೌಂಟ್ ಕೇಳ್ತಾರಾ?" ಅಂತ, ನಾನು ಎಲೆಕ್ಟ್ರಿಕ್ ಕಾರು ಬುಕ್ ಮಾಡೋಕೆ ಹೊರಟಾಗ ನಮ್ಮ ಭಾವ ನಕ್ಕರು. ಅವರ ಲೆಕ್ಕ ಸರಳ. ಯಾರ್ಡಿನಲ್ಲಿ ನಿಂತ ಗಾಡಿಯನ್ನು ಡೀಲರ್ ಹೇಗಾದರೂ ಸಾಗಹಾಕಬೇಕು, ಅದಕ್ಕೇ ಬಗ್ಗುತ್ತಾನೆ. ನಮಗೆ ಬೇಕಾದ ಹಾಗೆ ಫ್ಯಾಕ್ಟರಿಯಿಂದ ಮಾಡಿಸಿ ಕೊಡುವಾಗ ಅವನಿಗೇನು ಅವಸರ?

ನಾನು ಖರೀದಿ ವಿಭಾಗದಲ್ಲಿರುವವಳು. ದಿನಾ ಕೊಟೇಶನ್ ಓದಿ, ಸಪ್ಲೈಯರ್‌ಗಳ ಜೊತೆ ಜಗ್ಗಾಡಿ ಸಂಬಳ ತಗೊಳ್ಳುತ್ತೇನೆ. ಭಾವ ಹೇಳಿದ್ದು ಅರ್ಧ ಸರಿ ಅನ್ನಿಸಿತು. ಇನ್ನರ್ಧ ನೋಡೋಣ ಅಂತ ಹೊರಟೆ.

ಮೊದಲು, ಆರ್ಡರ್ ಯಾಕೆ ಬೇಕಾಯಿತು ಅಂತ ಹೇಳಿಬಿಡುತ್ತೇನೆ. ನಮಗೆ ದೊಡ್ಡ ಬ್ಯಾಟರಿ ಬೇಕು, 18 ಇಂಚಿನ ಚಕ್ರ ಸಾಕು, ಗಾಜಿನ ಚಾವಣಿ ಬೇಡ. ಡೀಲರ್‌ಗಳು ಇಂಥ ಗಾಡಿ ತರಿಸಿಟ್ಟುಕೊಳ್ಳುವುದಿಲ್ಲ. ದೊಡ್ಡ ಬ್ಯಾಟರಿ ಅಂದ ಕೂಡಲೇ 20 ಇಂಚಿನ ಚಕ್ರ, ಗಾಜಿನ ಚಾವಣಿ ಎಲ್ಲ ಸೇರಿಸಿ ಟಾಪ್ ಮಾಡೆಲ್ ತೋರಿಸುತ್ತಾರೆ. ಚಕ್ರ ದೊಡ್ಡದಾದಷ್ಟೂ ಸಾಮಾನ್ಯವಾಗಿ ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಕಡಿಮೆ. ಜಾಸ್ತಿ ದುಡ್ಡು ಕೊಟ್ಟು ಕಡಿಮೆ ದೂರ ಓಡುವ ಗಾಡಿ ತಗೊಳ್ಳೋದು ಯಾವ ಜಾಣತನ? ಜೊತೆಗೆ ನಮ್ಮನೆಯಲ್ಲಿ ತ್ರೀ ಫೇಸ್ ಕರೆಂಟ್ ಇದೆ, ಹಾಗಾಗಿ 7.4 ಬದಲು 11 ಕಿಲೋವ್ಯಾಟ್‌ನ ಆನ್‌ಬೋರ್ಡ್ ಚಾರ್ಜರ್ (ಗಾಡಿಯೊಳಗೇ ಇರುವ ಚಾರ್ಜರ್) ಕೇಳಿದೆವು. ಖಾಲಿ ಬ್ಯಾಟರಿ ಬೆಳಗಾಗುವ ಹೊತ್ತಿಗೆ ತುಂಬುವುದಕ್ಕೂ ಮಧ್ಯಾಹ್ನದವರೆಗೆ ಕಾಯುವುದಕ್ಕೂ ಇರುವ ವ್ಯತ್ಯಾಸ ಅದು. ಬಣ್ಣ ಕಡು ಹಸಿರು. ಅದು ನಮ್ಮೆಜಮಾನರ ಹಟ.

ಈಗ ಡೀಲರ್ ಕಡೆಯಿಂದ ಯೋಚನೆ ಮಾಡಿ. ಯಾರ್ಡಿನಲ್ಲಿ ನಿಂತ ಗಾಡಿಗಳು ಸಾಮಾನ್ಯವಾಗಿ ಸಾಲದ ದುಡ್ಡಿನಲ್ಲಿ ಬಂದಿರುತ್ತವೆ. ಮಾರಾಟ ಆಗೋವರೆಗೂ ಬಡ್ಡಿ ಓಡುತ್ತಲೇ ಇರುತ್ತದೆ. ಡಿಸ್ಕೌಂಟ್ ಹುಟ್ಟುವುದೇ ಆ ಬಡ್ಡಿಯ ಭಯದಿಂದ. ಆರ್ಡರ್ ಗಾಡಿಗೆ ಆ ಭಯ ಇಲ್ಲ, ಭಾವ ಹೇಳಿದ್ದು ಅಲ್ಲಿಗೆ ಸರಿ. ಆದರೆ ಆ ಬಡ್ಡಿಯ ಖರ್ಚೂ ಇಲ್ಲ ಅಲ್ವಾ? ಗಾಡಿ ಬರುವ ಮೊದಲೇ ಗಿರಾಕಿ ಗೊತ್ತು, ಅಡ್ವಾನ್ಸ್ ಕೈಯಲ್ಲಿದೆ, ಬಂದ ವಾರದಲ್ಲೇ ಹೊರಗೆ ಹೋಗುತ್ತದೆ. ಆ ಉಳಿತಾಯದಲ್ಲಿ ನಮಗೂ ಒಂದು ಪಾಲು ಕೊಡಿ ಅಂತ ಕೇಳಿದರೆ ತಪ್ಪೇನಿಲ್ಲ.

ಹಾಗೇ ಕೇಳಿದೆ. ಸೇಲ್ಸ್ ಹುಡುಗ ಒಮ್ಮೆ ನನ್ನ ಮುಖ ನೋಡಿ, ಒಮ್ಮೆ ಕ್ಯಾಲ್ಕ್ಯುಲೇಟರ್ ನೋಡಿ, "ಒಂದ್ನಿಮಿಷ ಮೇಡಂ" ಅಂತ ಒಳಗೆ ಹೋದ. ಈ ಒಳಗೆ ಹೋಗುವ ನಾಟಕ ನನಗೆ ಹೊಸದಲ್ಲ. ಹೊರಗೆ ಬಂದವನು ಮ್ಯಾಟು, ಸೀಟ್ ಕವರ್, ಪೇಂಟ್ ಕೋಟಿಂಗ್ ಫ್ರೀ ಅಂದ. ಬೇಡ ಅಂದೆ. ಅವುಗಳ ಮೇಲೆ ಬರೆದ ರೇಟಿಗೂ ಅವರಿಗೆ ಬೀಳುವ ಖರ್ಚಿಗೂ ಅಜಗಜಾಂತರ. ನಮಗೆ ಸಿಗುವ ಲಾಭ ಬರೆದ ರೇಟಿನಷ್ಟು ಕಾಣುತ್ತದೆ, ಅವರಿಗೆ ಆಗುವ ಖರ್ಚು ಚಿಲ್ಲರೆ. ಕೊಡುವುದಾದರೆ ಗಾಡಿಯ ಬೆಲೆಯಲ್ಲೇ ಕೊಡಿ ಅಂದೆ. ಹಳೇ ಗಾಡಿಯ ಎಕ್ಸ್‌ಚೇಂಜ್ ಮಾತನ್ನೂ ಆಗ ಎತ್ತಲಿಲ್ಲ. ಎರಡನ್ನೂ ಕಲಸಿಬಿಟ್ಟರೆ ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಕಿತ್ತುಕೊಳ್ಳುತ್ತಾರೆ.

ತಿಂಗಳ ಕೊನೆಗೆ ಹೋಗಿ, ಟಾರ್ಗೆಟ್ ಮುಟ್ಟಿಸೋಕೆ ಬಗ್ಗುತ್ತಾರೆ ಅನ್ನೋ ಸಲಹೆ ತುಂಬ ಜನ ಕೊಟ್ಟರು. ಆರ್ಡರ್ ಗಾಡಿಗೆ ಇದು ಅಷ್ಟಾಗಿ ನಡೆಯಲ್ಲ. ಇಲ್ಲಿ ಮಾರಾಟ ಅಂತ ಎಣಿಸುವುದು ಡೆಲಿವರಿ ಆದ ಮೇಲೆ ಅಂತ ಹುಡುಗನೇ ಹೇಳಿದ. ಮೂರ್ನಾಲ್ಕು ತಿಂಗಳ ಮೇಲೆ ಬರುವ ಗಾಡಿಯಿಂದ ಅವನ ಈ ತಿಂಗಳ ಟಾರ್ಗೆಟ್‌ಗೆ ಏನು ಪ್ರಯೋಜನ? ಹಾಗಾಗಿ ನೆಮ್ಮದಿಯಾಗಿ ಒಂದು ಮಂಗಳವಾರ ಬೆಳಿಗ್ಗೆ ಹೋದೆ. ಮ್ಯಾನೇಜರ್ ಖಾಲಿ ಕೂತಿದ್ದರು.

ಕೇಳಿದ್ದರಲ್ಲಿ ಅರ್ಧ ಸಿಕ್ಕಿತು. ಅದಕ್ಕಿಂತ ಜಾಸ್ತಿ ಜಗ್ಗಲಿಲ್ಲ, ಯಾಕಂದರೆ ನನಗೆ ಅದಕ್ಕಿಂತ ಮುಖ್ಯ ಬೇರೆ ಇತ್ತು. ಬುಕಿಂಗ್ ಫಾರಂ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, "ಡೆಲಿವರಿ ದಿನದ ಬೆಲೆ ಅನ್ವಯಿಸುತ್ತದೆ" ಅಂತ ಇತ್ತು. ಅಂದರೆ ಈಗ ನಾವು ಗಂಟೆಗಟ್ಟಲೆ ಮಾತಾಡಿ ಇಳಿಸಿದ್ದೆಲ್ಲ ಸುಮ್ನೆ. ನಾಳೆ ಕಂಪನಿ ರೇಟ್ ಏರಿಸಿದರೆ ಅದನ್ನು ಕಟ್ಟಬೇಕಾದವಳು ನಾನು.

ಆ ಸಾಲು ಹೊಡೆದು ಹಾಕಿ ಅಂದೆ. ಅದರ ಜಾಗದಲ್ಲಿ ಹೀಗೆ ಬರೆಯಿರಿ: ಬೆಲೆ ಏರಿದರೆ ಇವತ್ತಿನ ರೇಟು, ಇಳಿದರೆ ಇಳಿದ ರೇಟು.

"ಎರಡೂ ಕಡೆ ನಿಮ್ದೇ ಆದ್ರೆ ಹೇಗೆ ಮೇಡಂ?" ಅಂದರು ಮ್ಯಾನೇಜರ್.

"ಅಡ್ವಾನ್ಸ್ ಮಾತ್ರ ಅಷ್ಟು ತಿಂಗಳೂ ನಿಮ್ಮ ಹತ್ರಾನೇ ಇರುತ್ತಲ್ಲ ಸರ್?"

ಬೆಲೆ ಇಳಿಯುತ್ತಾ ಅಂತ ನಗಬೇಡಿ. ಎಲೆಕ್ಟ್ರಿಕ್ ಗಾಡಿ ವಿಷಯದಲ್ಲಿ ಇಳಿಯುತ್ತದೆ. ಬ್ಲೂಮ್‌ಬರ್ಗ್‌ಎನ್‌ಇಎಫ್ ಅನ್ನೋ ಇಂಧನ ಸಂಶೋಧನಾ ಸಂಸ್ಥೆಯ ಸಮೀಕ್ಷೆಯ ಪ್ರಕಾರ 2024ರಲ್ಲಿ ಬ್ಯಾಟರಿ ಪ್ಯಾಕ್‌ಗಳ ಸರಾಸರಿ ಬೆಲೆ ಹಿಂದಿನ ವರ್ಷಕ್ಕಿಂತ ಶೇ 20ರಷ್ಟು ಕುಸಿಯಿತು. 2023ರ ಜನವರಿಯಲ್ಲಿ ಟೆಸ್ಲಾ ಇದ್ದಕ್ಕಿದ್ದಂತೆ ಬೆಲೆ ಇಳಿಸಿದಾಗ, ಸ್ವಲ್ಪ ದಿನ ಮೊದಲು ಗಾಡಿ ತಗೊಂಡಿದ್ದ ಚೀನಾದ ಗಿರಾಕಿಗಳು ಶೋರೂಮುಗಳಿಗೇ ಬಂದು ಗಲಾಟೆ ಮಾಡಿದರು. ಟೆಸ್ಲಾಗೆ ಡೀಲರೇ ಇಲ್ಲ, ಚೌಕಾಸಿಯೂ ಇಲ್ಲ. ನನ್ನ ಎದುರಿಗೆ ಒಬ್ಬ ಡೀಲರ್ ಕೂತಿದ್ದಾನೆ ಅಂದಮೇಲೆ ಬಾಯಿ ಬಿಟ್ಟು ಕೇಳಬೇಕು.

ಸರ್ಕಾರದ ರಿಯಾಯಿತಿಯದ್ದೂ ಇದೇ ಕಥೆ. ಅಮೆರಿಕದಲ್ಲಿ ಹೊಸ ಎಲೆಕ್ಟ್ರಿಕ್ ಗಾಡಿಗೆ ಕೊಡುತ್ತಿದ್ದ 7,500 ಡಾಲರ್‌ವರೆಗಿನ ತೆರಿಗೆ ವಿನಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ನಿಂತಿತು. ಆದರೆ ಆ ದಿನದೊಳಗೆ ಇಬ್ಬರೂ ಬದ್ಧರಾಗುವಂತೆ ಒಪ್ಪಂದ ಬರೆದು, ಒಂದಿಷ್ಟು ಹಣ ಕಟ್ಟಿದ್ದರೆ, ಗಾಡಿ ಆಮೇಲೆ ಕೈಗೆ ಬಂದರೂ ವಿನಾಯಿತಿ ಕೇಳಬಹುದಿತ್ತು. ಬಾಯಿಮಾತಿನ ಬುಕಿಂಗ್ ಇಟ್ಟುಕೊಂಡವರಿಗೆ ಇಲ್ಲ.

ಕೊನೆಗೆ ಮ್ಯಾನೇಜರ್ ಬೆಲೆ ಏರಿಕೆಯ ಸಾಲಿಗೆ ಒಪ್ಪಿದರು. ಇಳಿಕೆಗೆ "ಕಂಪನಿ ನಮಗೆ ಇಳಿಸಿ ಕೊಟ್ಟಷ್ಟು" ಅಂತ ಸೇರಿಸಿದರು. ನ್ಯಾಯವೇ, ಒಪ್ಪಿಕೊಂಡೆ. ಹೇಳಿದ ತಿಂಗಳು ದಾಟಿದರೆ ಅಡ್ವಾನ್ಸ್ ಪೂರ್ತಿ ವಾಪಸ್ ಅಂತಲೂ ಬರೆಸಿದೆ. ಚಕ್ರದ ಅಳತೆ, ಚಾರ್ಜರ್‌ನ ಕಿಲೋವ್ಯಾಟ್, ಬಣ್ಣದ ಕೋಡ್ ಎಲ್ಲ ಅದೇ ಹಾಳೆಯಲ್ಲಿ. ಸಹಿ, ಸೀಲು ಬಿದ್ದ ಮೇಲೆ ಅಡ್ವಾನ್ಸ್ ಕಟ್ಟಿದೆ. ಕಟ್ಟಿದ ಮೇಲೆ ಕೇಳಿದ್ದರೆ ಟೀ ಕೂಡ ಸಿಗುತ್ತಿರಲಿಲ್ಲ ಅನ್ನಿ.

ಗಾಡಿ ಇನ್ನೂ ಬಂದಿಲ್ಲ. ಮೊನ್ನೆ ಸೇಲ್ಸ್ ಹುಡುಗ ಫೋನ್ ಮಾಡಿದ್ದ. ಯಾರೋ ಆರ್ಡರ್ ಕ್ಯಾನ್ಸಲ್ ಮಾಡಿದ್ದಾರಂತೆ. ಚಕ್ರ, ಬ್ಯಾಟರಿ, ಚಾರ್ಜರ್ ಎಲ್ಲ ನಾವು ಕೇಳಿದ್ದೇ, ಬಣ್ಣ ಮಾತ್ರ ಬಿಳಿ. "ನಾಳೆನೇ ತಗೊಂಡು ಹೋಗಿ ಮೇಡಂ, ಅದೇ ರೇಟು" ಅಂದ.

"ಯಾವತ್ತಿಂದ ನಿಂತಿದೆ ಯಾರ್ಡಲ್ಲಿ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಮಾತಿಲ್ಲ. "ಒಂದು ತಿಂಗಳು ಆಗಿರಬಹುದು" ಅಂದ.

ಹಾಗಾದರೆ ಅದು ಆರ್ಡರ್ ಗಾಡಿ ಅಲ್ಲ, ಬಡ್ಡಿ ತಿನ್ನುತ್ತಿರುವ ಸ್ಟಾಕ್ ಗಾಡಿ, ಅದರ ರೇಟೇ ಬೇರೆ ಅಂತ ಹೇಳಿ ನನ್ನ ಅಂಕಿ ಕೊಟ್ಟಿದ್ದೇನೆ. ಒಳಗೆ ಕೇಳಿ ಹೇಳ್ತೀನಿ ಅಂದಿದ್ದಾನೆ. ಅವರು ಒಪ್ಪಿದರೂ ನಮ್ಮೆಜಮಾನರನ್ನು ಬಿಳಿ ಬಣ್ಣಕ್ಕೆ ಒಪ್ಪಿಸಬೇಕು. ಅದು ಇದಕ್ಕಿಂತ ಕಷ್ಟದ ಚೌಕಾಸಿ.