ಅಮ್ಮ ಕಾಲು ತೋರಿಸಿದ ದಿನ

ಮಗಳು ಹುಟ್ಟಿ 40 ದಿನ ಆಗಿತ್ತು. ಗೆಜ್ಜೆ ಹಾಕಲು ಹೋದರೆ ಕೊಂಡಿ ಕೂಡುತ್ತಲೇ ಇಲ್ಲ. ಎರಡೂ ಪಾದ ಮೇಲುಗಡೆ ಉಬ್ಬಿಕೊಂಡಿತ್ತು. "ಮಗು ದುಂಡಗಿದೆ, ಅಷ್ಟೇ" ಎಂದರು ನೆಂಟರು. ಅಮ್ಮ ಮಾತ್ರ ಏನೂ ಹೇಳದೆ ಬಟ್ಟೆ ಎಳೆದು ಆ ಪಾದ ಮುಚ್ಚಿದಳು.

ನಮ್ಮದು ಉಡುಪಿ ಕಡೆಯ ಹಳ್ಳಿ. ಅಲ್ಲಿ ಕಾಲು ಊದಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ಆನೆಕಾಲು. ಕರಾವಳಿಯಲ್ಲಿ ಆ ರೋಗ ಇದ್ದದ್ದು ನಿಜ, ಹಾಗಾಗಿ ಜನರದ್ದೂ ತಪ್ಪಲ್ಲ. ಅದರ ಹುಳದ ಮರಿಗಳು ರಕ್ತದಲ್ಲಿ ಜಾಸ್ತಿ ಕಾಣುವುದು ರಾತ್ರಿ. ಅದಕ್ಕೇ ಆರೋಗ್ಯ ಇಲಾಖೆಯವರು ರಾತ್ರಿ ಬಂದು, ಕಾಲು ಊದಿದ್ದ ನನ್ನ ಅಜ್ಜಿಯ ಬೆರಳು ಚುಚ್ಚಿ ರಕ್ತ ತೆಗೆಯುತ್ತಿದ್ದರಂತೆ. ಒಮ್ಮೆಯೂ ಏನೂ ಸಿಗಲಿಲ್ಲ. ಆದರೂ ಹೆಸರು ಅಂಟಿಕೊಂಡೇ ಇತ್ತು. ಮದುವೆ ಮನೆಗೆ ಹೋದರೆ ಅಜ್ಜಿ ಪಂಕ್ತಿಗೆ ಕೂರುತ್ತಿರಲಿಲ್ಲ, ಒಳಗೆ ತೆಂಗಿನಕಾಯಿ ತುರಿಯುತ್ತಾ ಇದ್ದುಬಿಡುತ್ತಿದ್ದಳು. ನಾನು ಹುಟ್ಟಿದಾಗ ಕಾಲ ಮೇಲೆ ಮಲಗಿಸಿ ಎರೆಯುವ ಕೆಲಸವನ್ನೂ ಪಕ್ಕದ ಮನೆಯವರಿಗೇ ಬಿಟ್ಟಳು. ಮಗುವಿಗೆ ಅಂಟೀತು ಎಂಬ ಹೆದರಿಕೆ. ಈಗ ನನ್ನ ಮಗಳಿಗೂ ಅಮ್ಮ ಎರೆಯಲಿಲ್ಲ. ಬೆನ್ನುನೋವು ಎಂದಳು, ನಾನು ನಂಬಿದೆ.

ಮಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಮಗುವಿನ ಎರಡನೇ ಬೆರಳಿನ ಬುಡದ ಚರ್ಮ ಚಿವುಟಿ ಎತ್ತಲು ನೋಡಿದರು. ಬರಲಿಲ್ಲ. "ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ?" ಎಂದು ಕೇಳಿದರು. ನನಗೂ ಸಂಜೆ ಹೊತ್ತಿಗೆ ಎಡಗಾಲ ಚಪ್ಪಲಿ ಬಿಗಿಯಾಗುತ್ತದೆ. ದಿನವಿಡೀ ನಿಂತು ಪಾಠ ಮಾಡಿದ್ದಕ್ಕೆ ಅಂದುಕೊಂಡಿದ್ದೆ. ಅದನ್ನು ಹೇಳಬೇಕು ಅನ್ನುವಷ್ಟರಲ್ಲಿ ಅಮ್ಮ ಬಗ್ಗಿ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದಳು. ನಾನೇ ಆ ಕಾಲನ್ನು ಬೆಳಕಿನಲ್ಲಿ ಪೂರ್ತಿ ನೋಡಿದ್ದು ಅವತ್ತು.

"ಹುಟ್ಟಿದಾಗಿನಿಂದ ಹೀಗೇ ಡಾಕ್ಟ್ರೇ. ನನ್ನ ಅಮ್ಮನಿಗೂ ಇತ್ತು."

ಅವರು ಕುಕ್ಕರಗಾಲಲ್ಲಿ ಕುಳಿತು ಎರಡೂ ಕೈಯಲ್ಲಿ ಆ ಪಾದ ಹಿಡಿದರು. "ನೋವಿದೆಯಾ ಅಮ್ಮಾ?"

"ನೋವಿಲ್ಲ. ವರ್ಷಕ್ಕೊಮ್ಮೆ ಕೆಂಪಾಗಿ ಚಳಿ ಜ್ವರ ಬರುತ್ತದೆ."

ಬೆರಳ ಸಂದಿಯ ಬಿರುಕಿನಿಂದ ಸೋಂಕು ಒಳಗೆ ಹೋಗುತ್ತದೆ, ಜ್ವರ ಅದರದ್ದು ಎಂದರು. ಆಮೇಲೆ ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು. ರಕ್ತನಾಳದಿಂದ ಹೊರಗೆ ಸೋರುವ ನೀರನ್ನು ವಾಪಸ್ ಒಯ್ಯಲು ಮೈಯಲ್ಲಿ ಬೇರೆಯೇ ಸಣ್ಣ ನಾಳಗಳಿವೆ, ದುಗ್ಧನಾಳ ಅಂತ. ನಮ್ಮ ಕುಟುಂಬದವರ ಕಾಲಲ್ಲಿ ಅವು ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೆಚ್ಚಾಗಿ ವಿಇಜಿಎಫ್‌ಆರ್-3 ಎಂಬ ಪ್ರೋಟೀನ್ ತಯಾರಿಸುವ ಜೀನ್‌ನ ದೋಷ. ತಾಯಿಗೋ ತಂದೆಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಹೆಸರು ಮಿಲ್ರಾಯ್ ಕಾಯಿಲೆ. 1892ರಲ್ಲಿ ಅಮೆರಿಕದ ಡಾಕ್ಟರ್ ವಿಲಿಯಂ ಮಿಲ್ರಾಯ್ ಒಂದೇ ಕುಟುಂಬದ ಆರು ತಲೆಮಾರು ಹುಡುಕಿದರಂತೆ. 97 ಜನರಲ್ಲಿ 22 ಮಂದಿಗೆ ಕಾಲು ಊದಿತ್ತು. ಅವರ ಬಳಿ ಮೊದಲು ಬಂದವನು ನಮ್ಮ ದೇಶದಲ್ಲಿದ್ದು ಊರಿಗೆ ಮರಳಿದ ಮಿಷನರಿಯಂತೆ. ಅಜ್ಜಿ ಬದುಕಿದ್ದರೆ ಈ ಕಥೆ ಹೇಳಬೇಕಿತ್ತು ಅನಿಸಿತು. ಅವಳಂಥವರು ಅಷ್ಟು ಮಂದಿ ಇದ್ದರು.

ಪೂರ್ತಿ ವಾಸಿಯಾಗುವ ಮದ್ದಿಲ್ಲ. ಅಮ್ಮನಿಗೆ, ನನಗೆ ಬಿಗಿ ಕಾಲುಚೀಲ. ಮಗುವಿಗೆ ಸದ್ಯಕ್ಕೆ ಪಾದ ತೊಳೆದು, ಬೆರಳ ಸಂದಿ ಒರೆಸಿ, ಚರ್ಮ ಒಡೆಯದ ಹಾಗೆ ನೋಡಿಕೊಳ್ಳುವುದು. ಬಿಗಿಯಾದದ್ದು ಏನೂ ಬೇಡ, ಗೆಜ್ಜೆಯೂ ಬೇಡ.

ಬಸ್ಸಿನಲ್ಲಿ ಅಮ್ಮ ತುಂಬಾ ಹೊತ್ತು ಕಿಟಕಿ ಕಡೆ ನೋಡುತ್ತಿದ್ದಳು. ಮೂಲ್ಕಿ ದಾಟಿದ ಮೇಲೆ ಮೆಲ್ಲಗೆ ಕೇಳಿದಳು. "ಮುಟ್ಟಿದರೆ ಅಂಟುವುದಿಲ್ಲ ಅಲ್ವಾ? ಅವರು ಹಾಗೇ ಹೇಳಿದ್ದಲ್ವಾ?"

"ಹೌದಮ್ಮ."

ಮರುದಿನ ಬೆಳಿಗ್ಗೆ ಎದ್ದಾಗ ಬಚ್ಚಲಲ್ಲಿ ಹಂಡೆಯ ನೀರು ಕಾದಿತ್ತು. ಅಮ್ಮ ಮಣೆಯ ಮೇಲೆ ಕುಳಿತು, ಸೀರೆ ಮೇಲಕ್ಕೆ ಸಿಕ್ಕಿಸಿ, ಎರಡೂ ಕಾಲು ಚಾಚಿದ್ದಳು. "ಮಗುವನ್ನು ಕೊಡು" ಎಂದಳು.